ಸಾಲಪತ್ರಕ್ಕೆ ಕಾವಲಿದೆ, ಪಾಲಿಕೆಗೆ ಇಲ್ಲ

2018ರ ಡಿಸೆಂಬರ್‌ನಲ್ಲಿ ಮಹಾ ವಿಶಾಖಪಟ್ಟಣ ನಗರಪಾಲಿಕೆ 80 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಹತ್ತು ವರ್ಷದ ಸಾಲ, ಶೇ 10ರ ಬಡ್ಡಿ, ಮುಂಬೈ ಷೇರುಪೇಟೆಯಲ್ಲಿ ನೋಂದಣಿ. ಎಂವಿಪಿ ಕಾಲೋನಿಯ ಸೆಕ್ಟರುಗಳಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ನೌಕರರೂ ಅಲ್ಲಿನ ರೈತು ಬಜಾರಿನ ಸುತ್ತ ಅಂಗಡಿ ಇಟ್ಟವರೂ ವರ್ಷ ವರ್ಷ ಕಟ್ಟುವ ತೆರಿಗೆಯ ಬಲದ ಮೇಲೆ ಎತ್ತಿದ ಸಾಲ ಅದು. ವರ್ಷಕ್ಕೆ ಬಡ್ಡಿಯೇ 8 ಕೋಟಿ. ಆದರೆ ಆ ದಿನ ಅವರ ಪರವಾಗಿ ಕೈ ಎತ್ತಿ ಹೌದು ಎನ್ನಲು, ಬೇಡ ಎನ್ನಲು ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 2007ರಲ್ಲಿ ಆರಿಸಿ ಬಂದ ಕೌನ್ಸಿಲ್‌ನ ಅವಧಿ 2012ಕ್ಕೆ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು 2021ರ ಮಾರ್ಚ್‌ನಲ್ಲಿ. ನಡುವಿನ ಒಂಬತ್ತು ವರ್ಷ ಅಧಿಕಾರಿಗಳದ್ದೇ ಆಡಳಿತ.

ಈ ಬಾಂಡ್‌ನಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಸ್ಥಳೀಯ ಸಂಸ್ಥೆಗಳ ಸಾಲವನ್ನು ಆಳುವ ನಮ್ಮ ನಿಯಮಗಳು ಸಾಲಪತ್ರವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತವೆ. ಸಾಲ ಮಾಡಿದ ಸಂಸ್ಥೆ ಬದುಕಿದೆಯೇ, ಜನ ಆರಿಸಿದವರು ಅದರೊಳಗೆ ಕೂತಿದ್ದಾರೆಯೇ ಎಂದು ಒಮ್ಮೆಯೂ ಕೇಳುವುದಿಲ್ಲ.

ಷೇರುಪೇಟೆಯ ನಿಯಂತ್ರಕ ಸೆಬಿ 2015ರಲ್ಲಿ ತಂದ ಪುರಸಭಾ ಬಾಂಡ್ ನಿಯಮಾವಳಿಯನ್ನು ಓದಿದರೆ ಮೊದಲು ಮೆಚ್ಚುಗೆಯೇ ಮೂಡುತ್ತದೆ. ಹಿಂದಿನ ವರ್ಷಗಳ ಲೆಕ್ಕಪತ್ರ ಸರಿಯಾಗಿರಬೇಕು. ಬ್ಯಾಂಕಿನ ಸಾಲದ ಕಂತು ತಪ್ಪಿಸಿರಬಾರದು. ರೇಟಿಂಗ್ ಪಡೆದಿರಬೇಕು. ಸಾರ್ವಜನಿಕರಿಗೆ ಬಾಂಡ್ ಮಾರುವುದಾದರೆ ಹಣ ಹಾಕುವ ಯೋಜನೆ ಯಾವುದು, ಅದರಿಂದ ಬರುವ ಆದಾಯ ಎಷ್ಟು ಎಂದು ತೋರಿಸಬೇಕು. ಪಾಲಿಕೆಯ ಜಮಾಖರ್ಚು ಪುಸ್ತಕಗಳು ಎಷ್ಟೋ ಊರುಗಳಲ್ಲಿ ವರ್ಷಗಟ್ಟಲೆ ಆಡಿಟ್ ಕಾಣದೆ ಬಿದ್ದಿರುತ್ತಿದ್ದ ದೇಶದಲ್ಲಿ ಇದು ಸಣ್ಣ ಸುಧಾರಣೆಯಲ್ಲ. ಬಾಂಡ್ ಹೊರಡಿಸಬೇಕೆಂಬ ಆಸೆಯಿಂದಲಾದರೂ ಪುಣೆ, ಹೈದರಾಬಾದ್, ಇಂದೋರ್, ಲಖನೌ ಪಾಲಿಕೆಗಳು ತಮ್ಮ ಲೆಕ್ಕವನ್ನು ಹೊರಗಿನವರು ಓದುವಂತೆ ಬರೆದಿಟ್ಟವು. 2017ರಲ್ಲಿ ಪುಣೆಗೆ 200 ಕೋಟಿ ಶೇ 7.59ಕ್ಕೇ ಸಿಕ್ಕಿತು. ಮರುವರ್ಷ ವಿಶಾಖಪಟ್ಟಣಕ್ಕೆ ಬಿದ್ದ ಶೇ 10ನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಂಥ ಬಾಂಡ್‌ಗಳಲ್ಲಿ ಸಾಮಾನ್ಯವಾಗಿ ಇರುವ ಏರ್ಪಾಡು ಎಸ್ಕ್ರೋ ಖಾತೆಯದು. ಪಾಲಿಕೆಗೆ ಬರುವ ಗೊತ್ತಾದ ತೆರಿಗೆ, ಶುಲ್ಕಗಳು ಮೊದಲು ಆ ಖಾತೆಗೆ ಬೀಳುತ್ತವೆ. ಬಡ್ಡಿಯ ಪಾಲು, ಅಸಲಿನ ಪಾಲು ಅಲ್ಲೇ ತೆಗೆದಿಟ್ಟ ಮೇಲೆ ಮಿಕ್ಕದ್ದು ಊರಿನ ಖರ್ಚಿಗೆ. ಪೌರಕಾರ್ಮಿಕರ ಸಂಬಳ, ಬೀದಿದೀಪ, ಚರಂಡಿ ಎಲ್ಲವೂ ಸರದಿಯಲ್ಲಿ ಹಿಂದೆ. ಸಾಲ ಕೊಟ್ಟವನ ಹಣಕ್ಕೆ ಭದ್ರತೆ ಬೇಕು, ಒಪ್ಪಿದೆ. ಆದರೆ ಊರಿನ ಆದಾಯದ ಮೇಲೆ ಹತ್ತು ವರ್ಷದ ಮೊದಲ ಹಕ್ಕನ್ನು ಬೇರೆಯವರಿಗೆ ಬರೆದುಕೊಡುವ ತೀರ್ಮಾನ ಯಾರದ್ದಾಗಿರಬೇಕು? ನೀರಿನ ದರ ಏರಿಸಲು ಕೌನ್ಸಿಲ್‌ನಲ್ಲಿ ಗಲಾಟೆಯಾಗುತ್ತದೆ. ಇಷ್ಟು ದೊಡ್ಡ ತೀರ್ಮಾನಕ್ಕೆ ಕೌನ್ಸಿಲ್ಲೇ ಬೇಕಾಗಲಿಲ್ಲ.

ಸಾಲದ ಮಿತಿಯ ಮಾತು ಇನ್ನೂ ಹಳೆಯದು. 1914ರ ಸ್ಥಳೀಯ ಪ್ರಾಧಿಕಾರಗಳ ಸಾಲ ಕಾಯ್ದೆ ಬ್ರಿಟಿಷರ ಕಾಲದ್ದು. ಕಾನೂನು ಒಪ್ಪಿದ ಕಾಮಗಾರಿ, ಬರಗಾಲದ ಪರಿಹಾರ, ಸಾಂಕ್ರಾಮಿಕ ರೋಗ ತಡೆ, ಹಳೇ ಸಾಲದ ತೀರುವಳಿ, ಇಂಥವಕ್ಕೆ ಸಾಲ ಎತ್ತಬಹುದು ಎನ್ನುತ್ತದೆ ಅದು. ಬೀಗದ ಕೈ ಮಾತ್ರ ಸರ್ಕಾರದ ಸೊಂಟದಲ್ಲಿ. ಆಮೇಲೆ ಬಂದ ರಾಜ್ಯಗಳ ಪಾಲಿಕೆ ಕಾಯ್ದೆಗಳೂ ಇದೇ ಜಾಡು ಹಿಡಿದವು. ವಿಶಾಖಪಟ್ಟಣಕ್ಕೆ 1979ರ ಕಾಯ್ದೆ, ವಿಜಯವಾಡಕ್ಕೆ 1981ರದು, ಎರಡರ ಬೇರೂ 1955ರ ಹೈದರಾಬಾದ್ ಪಾಲಿಕೆ ಕಾಯ್ದೆಯಲ್ಲಿದೆ. ಸಾಲಕ್ಕೆ ರಾಜ್ಯ ಸರ್ಕಾರದ ಮಂಜೂರಾತಿ ಬೇಕು. ಮಂಜೂರಾತಿ ಸಿಕ್ಕರೆ ಮಿತಿ ಹಿಗ್ಗುತ್ತದೆ, ಸಿಗದಿದ್ದರೆ ಕುಗ್ಗುತ್ತದೆ. ಊರಿಗೆ ತೀರಿಸುವ ಶಕ್ತಿ ಎಷ್ಟಿದೆ ಎಂಬ ಪ್ರಶ್ನೆ ಕಡತದ ಕೊನೆಯ ಪುಟಕ್ಕೆ ಸರಿಯುತ್ತದೆ. ಅಮೆರಿಕದಲ್ಲಿ 1870ರ ದಶಕದಲ್ಲಿ ರೈಲುಮಾರ್ಗಗಳ ಆಸೆಗೆ ಸಾಲ ಮಾಡಿದ ಊರುಗಳು ಮುಳುಗಿದ ಮೇಲೆ ಅನೇಕ ರಾಜ್ಯಗಳು ಸಂವಿಧಾನದಲ್ಲೇ ಮಿತಿ ಬರೆದವು. ತೆರಿಗೆಯ ಬಲದ ಮೇಲೆ ಎತ್ತುವ ಬಾಂಡ್‌ಗೆ ಹಲವು ಕಡೆ ಮತದಾರರ ಒಪ್ಪಿಗೆಯೇ ಬೇಕು. ಅದರಿಂದ ದಿವಾಳಿ ನಿಂತಿತೆಂದಲ್ಲ, 2013ರಲ್ಲಿ ಡೆಟ್ರಾಯಿಟ್ ಮುಳುಗಿಯೇ ಮುಳುಗಿತು. ಆದರೂ ಯಾರನ್ನು ಕೇಳಿ ಸಾಲ ಮಾಡಬೇಕು ಎಂಬುದು ಅಲ್ಲಿ ಗೊಂದಲವಿಲ್ಲದೆ ಗೊತ್ತಿದೆ.

ಕನ್ನಡ ನಾಡು ಈ ದಾರಿಯಲ್ಲಿ ಎಲ್ಲರಿಗಿಂತ ಮೊದಲು ನಡೆದದ್ದು. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ 125 ಕೋಟಿಯ ಬಾಂಡ್ ಹೊರಡಿಸಿತು. ದೇಶದಲ್ಲಿ ಅದೇ ಮೊದಲನೆಯದು, ರಾಜ್ಯ ಸರ್ಕಾರದ ಖಾತರಿಯೂ ಇತ್ತು. ಮರುವರ್ಷ ಅಹಮದಾಬಾದ್ ಸರ್ಕಾರದ ಖಾತರಿ ಇಲ್ಲದೆಯೇ 100 ಕೋಟಿ ಎತ್ತಿ ತೋರಿಸಿತು. ಆದರೆ ನನ್ನನ್ನು ಹೆಚ್ಚು ಕಾಡುವುದು 2005ರ ಕಥೆ. ಬೆಂಗಳೂರಿನ ಅಂಚಿನ ಬ್ಯಾಟರಾಯನಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಕೆ.ಆರ್. ಪುರ, ಮಹದೇವಪುರ, ರಾಜರಾಜೇಶ್ವರಿ ನಗರ, ಯಲಹಂಕ ನಗರಸಭೆಗಳು ಮತ್ತು ಕೆಂಗೇರಿ ಪುರಸಭೆ ಕುಡಿಯುವ ನೀರಿನ ಯೋಜನೆಗಾಗಿ ಒಟ್ಟಾದವು. ಒಂಟಿಯಾಗಿ ಹೋದರೆ ಪೇಟೆ ಬಾಗಿಲು ತೆರೆಯದು ಎಂದು ಕರ್ನಾಟಕ ಜಲ ಮತ್ತು ನೈರ್ಮಲ್ಯ ಒಗ್ಗೂಡಿಸಿದ ನಿಧಿಯ ಮೂಲಕ ಅವುಗಳ ಪರವಾಗಿ 100 ಕೋಟಿ ಎತ್ತಲಾಯಿತು. ಸಣ್ಣ ಊರುಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಎರಡು ವರ್ಷ ತುಂಬುವುದರೊಳಗೆ, 2007ರಲ್ಲಿ, ಆ ಎಂಟೂ ಸಂಸ್ಥೆಗಳು ಬೃಹತ್ ಬೆಂಗಳೂರಿನಲ್ಲಿ ಕರಗಿಹೋದವು. ನಲ್ಲಿಗೆ ನೀರು ಬರುವ ಮೊದಲೇ ವಂತಿಗೆ ಕಟ್ಟಿದ ಜನ ಯಾವ ಅಧ್ಯಕ್ಷನ ಕೊಠಡಿಗೆ ಹೋಗಿ ಕೇಳಬೇಕಿತ್ತು? ಆ ಕೊಠಡಿಯೇ ಉಳಿದಿರಲಿಲ್ಲ.

ಆಂಧ್ರ ಕಟ್ಟಹೊರಟ ರಾಜಧಾನಿ ಅಮರಾವತಿಯದು ಇದೇ ರೋಗದ ಉಲ್ಬಣಾವಸ್ಥೆ. ವಿಜಯವಾಡದಲ್ಲಿ ಕಚೇರಿಯಿದ್ದ ಆಂಧ್ರಪ್ರದೇಶ ರಾಜಧಾನಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 2018ರ ಆಗಸ್ಟ್‌ನಲ್ಲಿ ಶೇ 10.32ರ ಬಡ್ಡಿಗೆ 2,000 ಕೋಟಿ ಎತ್ತಿತು. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಮುಂಬೈಗೆ ಹೋಗಿ ಷೇರುಪೇಟೆಯ ಗಂಟೆ ಬಾರಿಸಿ ಬಂದರು. ವರ್ಷಕ್ಕೆ 206 ಕೋಟಿಗೂ ಮಿಕ್ಕ ಬಡ್ಡಿ. ಪ್ರಾಧಿಕಾರಕ್ಕೆ ಮತದಾರರಿಲ್ಲ, ವಾರ್ಡುಗಳಿಲ್ಲ, ಅದರ ಅಧ್ಯಕ್ಷರು ಮುಖ್ಯಮಂತ್ರಿಯೇ. 2019ರಲ್ಲಿ ಸರ್ಕಾರ ಬದಲಾಯಿತು. 2020ರಲ್ಲಿ ಮೂರು ರಾಜಧಾನಿಗಳ ಯೋಜನೆಯ ಜೊತೆಗೆ ಆ ಪ್ರಾಧಿಕಾರದ ಕಾಯ್ದೆಯನ್ನೇ ರದ್ದುಮಾಡುವ ಕಾನೂನು ಬಂತು. 2021ರ ನವೆಂಬರ್‌ನಲ್ಲಿ ಆ ಕಾನೂನನ್ನೇ ಹಿಂತೆಗೆದುಕೊಂಡರು. ರಾಜ್ಯದ ಖಾತರಿ ಇದ್ದುದರಿಂದ ಹೂಡಿಕೆದಾರನಿಗೆ ಹಿಡಿದು ನಿಲ್ಲಲು ಒಂದು ಗೂಟವಿತ್ತು. ರಾಜಧಾನಿಗೆಂದು ಜಮೀನು ಒಪ್ಪಿಸಿದ ರೈತನಿಗೆ ಅಂಥ ಗೂಟ ಇರಲಿಲ್ಲ, ಅವನು ಹೈಕೋರ್ಟಿಗೆ ಹೋಗಬೇಕಾಯಿತು. 2019ರ ತಿದ್ದುಪಡಿಯಲ್ಲಿ ಸೆಬಿ ತನ್ನ ಪುರಸಭಾ ಬಾಂಡ್ ನಿಯಮಾವಳಿಯ ಬಾಗಿಲನ್ನು ನಗರ ಯೋಜನೆ, ಅಭಿವೃದ್ಧಿಯ ಕೆಲಸ ಮಾಡುವ ಇಂಥ ಶಾಸನಬದ್ಧ ಪ್ರಾಧಿಕಾರಗಳಿಗೂ ತೆರೆಯಿತು. ಈ ತಿದ್ದುಪಡಿ ನನಗೆ ಒಪ್ಪಿಗೆಯಿಲ್ಲ. ಪಾಲಿಕೆಯಲ್ಲಿ ಕೌನ್ಸಿಲ್ ಇರಬೇಕು ಎಂಬ ಆಸೆಯನ್ನಾದರೂ ಇಟ್ಟುಕೊಳ್ಳಬಹುದು, ಪ್ರಾಧಿಕಾರದಲ್ಲಿ ಅದಕ್ಕೂ ಜಾಗವಿಲ್ಲ.

ಪಾಲಿಕೆಗಳು ಸಾಲವನ್ನೇ ಮಾಡಬಾರದು ಎಂಬ ವಾದ ನನ್ನದಲ್ಲ. ನಮ್ಮ ಪಾಲಿಕೆಗಳ ಆದಾಯ ವರ್ಷಗಳಿಂದ ಜಿಡಿಪಿಯ ಶೇ 1ರ ಆಸುಪಾಸಿನಲ್ಲೇ ನಿಂತಿದೆ ಎಂದು ರಿಸರ್ವ್ ಬ್ಯಾಂಕಿನ 2022ರ ವರದಿ ಹೇಳಿದೆ. ಐವತ್ತು ವರ್ಷ ಬಾಳುವ ಕೊಳವೆಯನ್ನು ಈ ವರ್ಷದ ತೆರಿಗೆಯಿಂದಲೇ ಹೂಳಬೇಕೆಂದರೆ ಯಾವ ಊರಿಗೂ ಆಗದು, ನ್ಯಾಯವೂ ಅಲ್ಲ. ಕೇಂದ್ರ ಸರ್ಕಾರ 100 ಕೋಟಿಯ ಬಾಂಡ್‌ಗೆ 13 ಕೋಟಿಯಂತೆ ಪ್ರೋತ್ಸಾಹಧನ ಇಟ್ಟದ್ದೂ ಒಳ್ಳೆಯ ಉದ್ದೇಶದಿಂದಲೇ. ಆ 13 ಕೋಟಿಗೆ ಒಂದು ಷರತ್ತು ಸೇರಿಸಲು ಯಾವ ಅಡ್ಡಿಯಿತ್ತು? ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಯು ವಿಧಿ 1993ರಿಂದ ಹೇಳುತ್ತಿದೆ. ಬ್ಯಾಂಕಿನ ಒಂದು ಕಂತು ತಪ್ಪಿಸಿದ ಪಾಲಿಕೆಯನ್ನು ಪೇಟೆಯ ಬಾಗಿಲಲ್ಲೇ ತಡೆಯುವ ನಿಯಮ, ಸಂವಿಧಾನ ಹೇಳಿದ ಚುನಾವಣೆಯನ್ನು ಆಗಲೇ ಆರು ವರ್ಷಕ್ಕೂ ಮಿಕ್ಕಿ ತಪ್ಪಿಸಿದ್ದ ಪಾಲಿಕೆಯನ್ನು ಒಳಗೆ ಬಿಟ್ಟುಕೊಂಡಿತು. ಬೆಂಗಳೂರಿನಲ್ಲೂ 2020ರ ಸೆಪ್ಟೆಂಬರ್‌ನಿಂದ ಪಾಲಿಕೆಗೆ ಕೌನ್ಸಿಲ್ ಇಲ್ಲದೆ ವರ್ಷಗಳು ಉರುಳಿದವು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಇನ್ನು ಹೊಸ ಪಾಲಿಕೆಯೊಂದು ಬಾಂಡ್‌ಗೆ ಹೊರಟರೆ ರೇಟಿಂಗ್ ಕಂಪನಿ ಅದರ ತೆರಿಗೆ ವಸೂಲಿಯನ್ನು ಅಳೆಯುತ್ತದೆ, ಸೆಬಿ ಅದರ ಲೆಕ್ಕವನ್ನು ನೋಡುತ್ತದೆ. ಸಭಾಂಗಣದಲ್ಲಿ ಆ ಸಾಲದ ಮೇಲೆ ಎಷ್ಟು ಗಂಟೆ ಚರ್ಚೆಯಾಯಿತು, ಯಾವ ವಾರ್ಡಿನವರು ವಿರೋಧಿಸಿದರು ಎಂಬುದಕ್ಕೂ ಆ ದಾಖಲೆಯಲ್ಲಿ ಒಂದು ಪುಟ ಇರಲೇಬೇಕೆಂದು ಕೇಳುವುದು ಈಗ ನಮ್ಮ ಕೆಲಸ.