ಬೆತೆಸ್ಡಾದ ಐಸಿಯು: ತನಿಖೆಗೆ ಮೆಚ್ಚುಗೆ, ಮೌನಕ್ಕೆ ಆಕ್ಷೇಪ

2011ರ ಜೂನ್‌ನಲ್ಲಿ ನ್ಯೂಯಾರ್ಕಿನಿಂದ ಅಮೆರಿಕದ ಬೆತೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಆಸ್ಪತ್ರೆಯಾದ ಕ್ಲಿನಿಕಲ್ ಸೆಂಟರ್‌ಗೆ ಬಂದ ಮಹಿಳೆಯ ದೇಹದಲ್ಲಿ ಕೊನೆಯ ಅಸ್ತ್ರವೆನಿಸಿದ ಕಾರ್ಬಪೆನೆಮ್ ಔಷಧಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಇತ್ತು. ವೈದ್ಯರಿಗೆ ಅದು ಮೊದಲೇ ಗೊತ್ತಿತ್ತು. ಅವರನ್ನು ಐಸಿಯುನಲ್ಲಿ ಪ್ರತ್ಯೇಕವಾಗಿ ಇರಿಸಿದರು; ಒಳಹೋಗುವವರಿಗೆಲ್ಲ ಗೌನು, ಗ್ಲೌಸು ಕಡ್ಡಾಯವಾಯಿತು. ಜುಲೈನಲ್ಲಿ ಅವರು ಮನೆಗೆ ಹೋದರು. ಮೂರು ವಾರ ಕಳೆದ ಮೇಲೆ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಬಳಿಕ ಹೆಚ್ಚುಕಡಿಮೆ ವಾರಕ್ಕೊಬ್ಬರು. ಒಟ್ಟು 18 ಮಂದಿಯಲ್ಲಿ 11 ಮಂದಿ ತೀರಿಕೊಂಡರು. ಆ ಸಾವುಗಳಲ್ಲಿ 6ಕ್ಕೆ ಈ ಸೋಂಕೇ ಕಾರಣವೆಂದು ಆಸ್ಪತ್ರೆ ನಿರ್ಧರಿಸಿತು.

ಎರಡನೆಯವರಿಗೆ ಸೋಂಕು ತಗುಲಿದ್ದು ಆ ಮಹಿಳೆಯಿಂದಲೇ? ಹಳೆಯ ಪರೀಕ್ಷೆಗಳು ಉತ್ತರ ಕೊಡಲಿಲ್ಲ. ಎಸ್‌ಟಿ258 ಎಂಬ ಈ ತಳಿ ಅಮೆರಿಕದ ಆಸ್ಪತ್ರೆಗಳಲ್ಲಿ ಅಷ್ಟೊಂದು ಹಬ್ಬಿದ್ದರಿಂದ, ಇಬ್ಬರಲ್ಲೂ ಒಂದೇ ತಳಿ ಇದೆ ಎಂದ ಮಾತ್ರಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು ಎನ್ನಲಾಗುತ್ತಿರಲಿಲ್ಲ. ಆಗ ಎನ್‌ಐಎಚ್‌ನ ಸಂಶೋಧಕರಾದ ಜೂಲಿ ಸೆಗ್ರೆ, ತಾರಾ ಪಾಮೋರ್, ಇವಾನ್ ಸ್ನಿಟ್ಕಿನ್ ಮತ್ತು ಸಂಗಡಿಗರು ರೋಗಿಗಳಿಂದ ತೆಗೆದ ಬ್ಯಾಕ್ಟೀರಿಯಾದ ಇಡೀ ಜೀನೋಮ್ ಓದಿದರು. ಅಲ್ಲಿ ಕಂಡ ಒಂದೊಂದು ಡಿಎನ್‌ಎ ಅಕ್ಷರದ ವ್ಯತ್ಯಾಸವನ್ನೂ ಯಾರು ಯಾವ ದಿನ ಯಾವ ವಾರ್ಡಿನಲ್ಲಿದ್ದರು ಎಂಬ ದಾಖಲೆಯ ಜೊತೆ ಹೊಂದಿಸಿ ನೋಡಿದರು. ಸೋಂಕು ಆ ಮಹಿಳೆಯಿಂದ ಮೂರು ಬೇರೆ ಬೇರೆ ಸಲ ದಾಟಿತ್ತು. ಅದು ಹರಡಿದ ಕ್ರಮವೂ ಪತ್ತೆಯಾದ ಕ್ರಮವೂ ಒಂದೇ ಆಗಿರಲಿಲ್ಲ; ಯಾವ ಲಕ್ಷಣವೂ ಇಲ್ಲದೆ ಕರುಳಿನಲ್ಲಿ ಅದನ್ನು ಹೊತ್ತವರು ನಡುವೆ ಇದ್ದರು. ಐಸಿಯು ತನಿಖೆಗಳಲ್ಲಿ ಇಷ್ಟು ನಿಖರವಾದದ್ದು ಅಪರೂಪ. ಊಹೆ ಇದ್ದ ಕಡೆ ಪುರಾವೆ ತಂದದ್ದು ಈ ಕೆಲಸದ ದೊಡ್ಡ ಗುಣ.

ಆದರೆ ಸೋಂಕನ್ನು ತಡೆದ ಕೀರ್ತಿಯನ್ನು ಜೀನೋಮ್ ಒಂದಕ್ಕೇ ಕೊಡುವುದು ಸರಿಯಲ್ಲ. ಆಸ್ಪತ್ರೆ ಸೋಂಕಿತರನ್ನು ಬೇರ್ಪಡಿಸಲು ಗೋಡೆ ಕಟ್ಟಿತು, ಅವರಿಗೆ ಬೇರೆಯೇ ಸಿಬ್ಬಂದಿಯನ್ನು ಕೊಟ್ಟಿತು, ಕೋಣೆಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಆವಿ ಹಾಯಿಸಿತು. ಕೈ ತೊಳೆಯುತ್ತಾರೋ ಇಲ್ಲವೋ ಎಂದು ನೋಡುವುದಕ್ಕೇ ಜನರನ್ನು ನಿಲ್ಲಿಸಿತು. ಸಿಂಕಿನ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಇತ್ತು. ಶುಚಿಗೊಳಿಸಿಟ್ಟಿದ್ದ ವೆಂಟಿಲೇಟರ್‌ನಲ್ಲೂ ಇತ್ತು! ಎಲ್ಲಕ್ಕಿಂತ ಹೆಚ್ಚಾಗಿ, ಲಕ್ಷಣವಿಲ್ಲದೆ ಹೊತ್ತವರನ್ನೂ ಗುರುತಿಸುವ ಗುದದ ಸ್ವಾಬ್ ಪರೀಕ್ಷೆಯನ್ನು ಐಸಿಯು ಆಚೆಗೂ, ಇಡೀ ಆಸ್ಪತ್ರೆಗೆ ವಿಸ್ತರಿಸಿದರು. ಅದು ಮೊದಲ ವಾರಗಳಲ್ಲೇ ಆಗಬೇಕಿತ್ತು. ಸ್ವಾಬ್‌ನಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದಕ್ಕೆ ಜೀನೋಮ್ ಪ್ರಯೋಗಾಲಯ ಬೇಕಿಲ್ಲ. ಕೈಯಲ್ಲಿ ಹಣ ಕಡಿಮೆಯಿರುವ ನಮ್ಮ ಜಿಲ್ಲಾ ಆಸ್ಪತ್ರೆಗಳು ಇಲ್ಲಿಂದ ಎತ್ತಿಕೊಳ್ಳಬೇಕಾದದ್ದು ಇದನ್ನೇ.

ಇನ್ನೊಂದು ಲೋಪ ಸ್ವಾಬ್ ಪರೀಕ್ಷೆ ತಡವಾದದ್ದಕ್ಕಿಂತ ಗಂಭೀರ. ಸಾರ್ವಜನಿಕರಿಗೆ ವಿಷಯ ತಿಳಿದದ್ದು ಸುಮಾರು ಒಂದು ವರ್ಷದ ಮೇಲೆ, 2012ರ ಆಗಸ್ಟ್‌ನಲ್ಲಿ ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್ ಪತ್ರಿಕೆಯಲ್ಲಿ ಸಂಶೋಧನಾ ಪ್ರಬಂಧ ಅಚ್ಚಾದಾಗ. ಪ್ರಬಂಧವಾಗಿ ಅದು ಅತ್ಯುತ್ತಮ. ಎಚ್ಚರಿಕೆಯಾಗಿ ತೀರಾ ತಡ. ಆ ಆಸ್ಪತ್ರೆಗೆ ಬರುವವರು ಸಂಶೋಧನಾ ರೋಗಿಗಳು; ಅವರಲ್ಲಿ ಹಲವರ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಅಲ್ಲಿಗೆ ಸೇರುವ ಮುನ್ನ ಇದನ್ನು ತಿಳಿಯುವ ಹಕ್ಕು ಅವರ ಮನೆಯವರಿಗೆ ಇತ್ತು. ಸೋಂಕು ಹತೋಟಿಗೆ ಬಂದಿದೆ ಎಂಬ ಭರವಸೆಯೂ ಪೂರ್ತಿ ನಿಲ್ಲಲಿಲ್ಲ: 2012ರ ಸೆಪ್ಟೆಂಬರ್‌ನಲ್ಲಿ, ಅದೇ ಆಸ್ಪತ್ರೆಯಲ್ಲಿ ಅದೇ ತಳಿ ತಗುಲಿದ್ದ ಒಬ್ಬ ಹುಡುಗ ತೀರಿಕೊಂಡ. ಈ ಸೋಂಕಿಗೆ ಅದು 7ನೆಯ ಸಾವು.