ಹಾಡಿನಲ್ಲಿ ಅವಳಿದ್ದಾಳೆ; ಅವಳ ದನಿ ಎಲ್ಲಿ?



‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಆದರೆ ಹಾಡಿಗೆ ಈ ಗಾದೆ ಹೊಂದುವುದಿಲ್ಲ. ಹಾಡಿದ ಮಾತು ಹೋಗಿಬಿಡುವುದಿಲ್ಲ. ರಾಗದ ಬೆನ್ನೇರಿ ಮತ್ತೆ ಮತ್ತೆ ಮರಳಿ ಬರುತ್ತದೆ. ಭಾನುವಾರ ಕೇಳಿದ ಪ್ರಬೋಧನೆಯನ್ನು ಸೋಮವಾರದ ಹೊತ್ತಿಗೆ ಮರೆಯುವ ಮಗು, ಬಸ್ಸಿನಲ್ಲಿ ಒಮ್ಮೆ ಕಿವಿಗೆ ಬಿದ್ದ ಚಿತ್ರಗೀತೆಯನ್ನು ವಾರವಿಡೀ ಗುನುಗುತ್ತದೆ. ಪಾಠವೆಂದು ಅರಿಯದೆ ಕಲಿತ ಪಾಠವೇ ಮನಸ್ಸಿನ ಆಳಕ್ಕೆ ಇಳಿಯುವುದು. ಆದ್ದರಿಂದ ನಮ್ಮ ಮನೆಗಳಲ್ಲಿ, ಮದುವೆಯ ಸಭಾಂಗಣಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಮೊಳಗುವ ಜನಪ್ರಿಯ ಗೀತೆಗಳು ಹೆಣ್ಣಿನ ಬಗ್ಗೆ ನಮ್ಮ ಮಕ್ಕಳಿಗೆ ಏನನ್ನು ಕಲಿಸುತ್ತಿವೆ ಎಂದು ವಿಚಾರಿಸುವುದು ಅಗತ್ಯ.

ಈ ಮಾತೆತ್ತಿದೊಡನೆ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಈಗಿನ ಹಾಡುಗಳು ಅಶ್ಲೀಲ, ನಮ್ಮ ಕಾಲದ ಹಾಡುಗಳೇ ಚೆನ್ನ. ಇದು ಸುಲಭವಾದ ಉತ್ತರ, ಪೂರ್ಣವಾದ ಉತ್ತರವಲ್ಲ. ಒಂದೇ ಒಂದು ಕೆಟ್ಟ ಪದವಿಲ್ಲದ ಹಾಡೂ ಹೆಣ್ಣನ್ನು ಕೀಳುಗೈಯಬಲ್ಲದು. ದೇಹದ ಚೆಲುವನ್ನು ಮುಚ್ಚುಮರೆಯಿಲ್ಲದೆ ಹಾಡುವ ಗೀತೆಯೂ ಅವಳನ್ನು ಗೌರವಿಸಬಲ್ಲದು. ಆದಕಾರಣ ಪದಗಳ ಮಡಿಯನ್ನೂ ಉಡುಪಿನ ಅಳತೆಯನ್ನೂ ಒತ್ತಟ್ಟಿಗಿಟ್ಟು, ಬೇರೆ ಎರಡು ಪ್ರಶ್ನೆಗಳನ್ನು ಕೇಳಿ ನೋಡೋಣ. ಈ ಹಾಡಿನಲ್ಲಿ ಹೆಣ್ಣು ತಾನೇ ಮಾತನಾಡುತ್ತಾಳೆಯೇ, ಇಲ್ಲವೇ ಅವಳ ಬಗ್ಗೆ ಮಾತ್ರ ಮಾತು ನಡೆದಿದೆಯೇ? ಅವಳು ‘ಬೇಡ’ ಎಂದರೆ ಈ ಹಾಡು ಆ ಮಾತನ್ನು ಏನು ಮಾಡುತ್ತದೆ?

ಹೆಣ್ಣು ತಾನೇ ಕಟ್ಟಿದ ಹಾಡುಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿದ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂದವು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತವಳು ತನ್ನ ತವರನ್ನು, ಅಣ್ಣತಮ್ಮಂದಿರನ್ನು, ತೊಟ್ಟಿಲ ಕೂಸನ್ನು, ಅತ್ತೆಮನೆಯ ಕಷ್ಟವನ್ನು, ಸವತಿಯ ನೋವನ್ನು ಹಾಡಿಕೊಂಡಳು. ಅಲ್ಲಿ ಅವಳು ವರ್ಣನೆಗೆ ಒಳಗಾದ ವಸ್ತುವಲ್ಲ. ಲೋಕವನ್ನು ಕಂಡು ವರ್ಣಿಸುವವಳೇ ಅವಳು. ಮದುವೆಯ ಮನೆಯ ಸೋಬಾನೆ ಪದಗಳೂ ಹಾಗೆಯೇ ಹೆಂಗಸರ ಸ್ವತ್ತು. ಕರಾವಳಿಯ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ ಹಿರಿಯ ಮಹಿಳೆಯರು ಹಾಡುವ ವೊವಿಯೊಗಳು ಈ ಪರಂಪರೆಯ ಇನ್ನೊಂದು ಕವಲು. ಇಂದು ಅದೇ ಅಂಗಳದಲ್ಲಿ ಧ್ವನಿವರ್ಧಕ ಬಂದು ಕುಳಿತಿದೆ, ಅಜ್ಜಿಯ ದನಿ ಅದರ ಅಬ್ಬರದಲ್ಲಿ ಕೇಳಿಸದಾಗಿದೆ.

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದಿತು. ಅಲ್ಲಿಂದ ಮುಂದೆ ಜನಪ್ರಿಯ ಹಾಡೆಂದರೆ ಬಹುಮಟ್ಟಿಗೆ ಚಿತ್ರಗೀತೆ ಎಂದಾಯಿತು. ಹಾಡು ಕಟ್ಟುವ ಕೆಲಸ ಬೀಸುವ ಕಲ್ಲಿನಿಂದ ಚಿತ್ರಸಾಹಿತಿಯ ಮೇಜಿಗೆ ಸಾಗಿತು. ಕು. ರಾ. ಸೀತಾರಾಮ ಶಾಸ್ತ್ರಿ, ಕಣಗಾಲ್ ಪ್ರಭಾಕರ ಶಾಸ್ತ್ರಿ, ವಿಜಯನಾರಸಿಂಹ, ಆರ್. ಎನ್. ಜಯಗೋಪಾಲ್, ಚಿ. ಉದಯಶಂಕರ್, ಹಂಸಲೇಖ ಮೊದಲಾದವರು ಕನ್ನಡಕ್ಕೆ ಕೊಟ್ಟ ಹಾಡುಗಳ ಋಣ ದೊಡ್ಡದು. ಎಸ್. ಜಾನಕಿ, ಪಿ. ಸುಶೀಲ, ವಾಣಿ ಜಯರಾಂ ಅವರ ಕಂಠಗಳು ನಮ್ಮ ಮನೆಗಳ ನೆನಪಿನ ಭಾಗವೇ ಆಗಿವೆ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು: ಕಂಠ ಹೆಣ್ಣಿನದು, ಮಾತು ಗಂಡಿನದು. ಕನ್ನಡ ಚಿತ್ರರಂಗದಲ್ಲಿ ಗೀತರಚನೆ ಮಾಡಿದ ಮಹಿಳೆಯರು ಇಂದಿಗೂ ಬೆರಳೆಣಿಕೆಯಷ್ಟು ಮಂದಿ.

ಗಂಡಸು ಹೆಣ್ಣಿನ ಮನಸ್ಸನ್ನು ಬರೆಯಲಾರ ಎಂದು ಇದರ ಅರ್ಥವಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಆ ಕವಿತೆಗಳು ಸುಗಮ ಸಂಗೀತದ ಮೂಲಕ, ಮುಂದೆ ಟಿ. ಎಸ್. ನಾಗಾಭರಣರ ಚಲನಚಿತ್ರದ ಮೂಲಕ ಮನೆಮನೆಯ ಹಾಡುಗಳಾದವು. ಅಲ್ಲಿನ ಪ್ರೇಯಸಿಗೆ ಹೆಸರಿದೆ, ಊರಿದೆ, ತವರಿದೆ, ಮುನಿಸಿಕೊಳ್ಳುವ ಹಕ್ಕಿದೆ. ತವರಿಗೆ ಹೋದ ಹೆಂಡತಿಯ ಸುದ್ದಿಯನ್ನು ಬಳೆಗಾರನೊಬ್ಬ ಗಂಡನ ಬಾಗಿಲಿಗೆ ಹೊತ್ತು ತರುವ ಕವಿತೆಯನ್ನು ನೆನೆಯಿರಿ. ಅವಳು ಅಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ಅವಳ ಇರವು ಕವಿತೆಯನ್ನೆಲ್ಲ ತುಂಬಿದೆ. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯಲ್ಲಿ ಎಸ್. ಜಾನಕಿಯವರ ದನಿಯಲ್ಲಿ ಚಂದ್ರಾ ತನ್ನ ಸಂತೋಷವನ್ನು ತಾನೇ ಹಾಡುತ್ತಾಳೆ. ಕುಲಕಸುಬಿನ ನೆರಳಿನಿಂದ ಹೊರಬಂದು ಎಲ್ಲರಂತೆ ಬಾಳಲು ಬಯಸಿದ ಹುಡುಗಿಯ ಹಿಗ್ಗು ಅದು. ಮುಂದೆ ಬರುವ ದುರಂತ ನಮ್ಮನ್ನು ಕಲಕುವುದು, ಮೊದಲು ಆ ಹಿಗ್ಗಿಗೆ ನಾವು ಕಿವಿಗೊಟ್ಟದ್ದರಿಂದಲೇ.

ಇನ್ನು ನಮ್ಮ ಎರಡನೆಯ ಪ್ರಶ್ನೆ. ದಶಕಗಳಿಂದ ಬದಲಾಗದೆ ಉಳಿದಿರುವ ಒಂದು ಹಾಡಿನ ದೃಶ್ಯವನ್ನು ನೀವೆಲ್ಲರೂ ಬಲ್ಲಿರಿ. ಪುಸ್ತಕವನ್ನು ಎದೆಗವಚಿಕೊಂಡು ಹುಡುಗಿ ಕಾಲೇಜಿಗೆ ನಡೆದಿದ್ದಾಳೆ. ನಾಯಕ ಹತ್ತು ಮಂದಿ ಗೆಳೆಯರೊಡನೆ ಅಡ್ಡಗಟ್ಟುತ್ತಾನೆ. ಪಲ್ಲವಿಯಲ್ಲಿ ಅವಳು ಸಿಡುಕುತ್ತಾಳೆ, ಮೊದಲ ಚರಣದಲ್ಲಿ ಅವಳ ಸಿಡುಕನ್ನು ಅವನು ‘ಬಿಂಕ’ವೆಂದು ಕರೆಯುತ್ತಾನೆ, ಎರಡನೆಯ ಚರಣದಲ್ಲಿ ಅವಳು ನಗುತ್ತಾಳೆ, ಹಾಡು ಮುಗಿಯುವ ಹೊತ್ತಿಗೆ ಇಬ್ಬರೂ ಹಿಮದ ಬೆಟ್ಟದ ಮೇಲಿರುತ್ತಾರೆ. ನಾಲ್ಕೈದು ನಿಮಿಷಗಳಲ್ಲಿ ಹುಡುಗನೊಬ್ಬ ಕಲಿತ ಪಾಠವೇನು? ಅವಳ ‘ಬೇಡ’ ಎಂಬ ಮಾತು ಮಾತೇ ಅಲ್ಲ, ಬಿಡದೆ ಬೆನ್ನುಹತ್ತಿದರೆ ಅದೇ ‘ಬೇಕು’ ಆಗುತ್ತದೆ ಎಂಬುದು. ಹುಡುಗಿಯೊಬ್ಬಳು ಕಲಿತ ಪಾಠ ಇನ್ನೂ ಕ್ರೂರವಾದುದು: ನೀನು ಏನು ಹೇಳಿದರೂ ಕೇಳುವವರಿಲ್ಲ ಎಂಬುದು.

ತೆರೆಯ ಮೇಲೆ ಸರಸವಾಗಿ ಕಾಣುವ ಈ ನಡತೆಗೆ ನಮ್ಮ ಕಾನೂನು ಬೇರೆ ಹೆಸರನ್ನಿಟ್ಟಿದೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ಬಳಿಕ, 2013ರಲ್ಲಿ ದಂಡ ಸಂಹಿತೆಗೆ ತಿದ್ದುಪಡಿಯಾಯಿತು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ಅಪರಾಧವೆಂದು ಆಗ ಮೊದಲ ಬಾರಿಗೆ ಪ್ರತ್ಯೇಕವಾಗಿ ಬರೆಯಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಂ ಇದನ್ನೇ ಹೇಳುತ್ತದೆ; ಮೊದಲ ಬಾರಿಯ ತಪ್ಪಿಗೆ ಮೂರು ವರ್ಷಗಳವರೆಗೆ, ಮರುಕಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ. ಚಲನಚಿತ್ರಗಳ ಪ್ರಮಾಣೀಕರಣಕ್ಕೆ 1991ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೆಣ್ಣನ್ನು ಹೀನಾಯಗೊಳಿಸುವ ದೃಶ್ಯಗಳು ಇರಕೂಡದೆಂದು ವಿಧಿಸಿತ್ತು. ಕಾಗದದ ಮೇಲೆ ನಿಯಮಗಳಿಗೆ ಕೊರತೆಯಿಲ್ಲ. ಆದರೆ ನ್ಯಾಯಾಲಯ ಅಪರಾಧವೆನ್ನುವುದನ್ನು ಹಾಡು ಪ್ರೇಮವೆಂದರೆ, ಹದಿನಾರರ ಹುಡುಗ ಯಾರ ಮಾತನ್ನು ಮೊದಲು ಕೇಳಿಯಾನು?

ಹಿಂಬಾಲಿಸಿಯೂ ಅವಳು ಒಲಿಯದಿದ್ದರೆ ಮತ್ತೊಂದು ಬಗೆಯ ಹಾಡು ಸಿದ್ಧವಾಗಿದೆ. ಕೈಯಲ್ಲಿ ಸೀಸೆ, ಸುತ್ತ ಗೆಳೆಯರು, ಬಾಯಲ್ಲಿ ಹೆಣ್ಣುಕುಲದ ನಿಂದನೆ. 2011ರಲ್ಲಿ ದೇಶವನ್ನೆಲ್ಲ ಕುಣಿಸಿದ ‘ಕೊಲವೆರಿ’ ಎಂಬ ತಮಿಳು ಹಾಡು ಈ ಜಾತಿಯದೇ. ಹುಡುಗಿಯ ಮೈಬಣ್ಣ ಬಿಳಿ, ಹೃದಯ ಮಾತ್ರ ಕಪ್ಪು ಎಂಬುದು ಅಲ್ಲಿನ ದೂರು. ಕನ್ನಡದಲ್ಲೂ ಇಂಥವು ಸಾಕಷ್ಟಿವೆ. ಇಂಥ ಹಾಡುಗಳಲ್ಲಿ ಅವಳು ಮಾಡಿದ ದ್ರೋಹವೇನೆಂದು ಹುಡುಕಿದರೆ ಬಹುಪಾಲು ಸಿಗುವುದು ಒಂದೇ: ಅವಳು ಒಪ್ಪಲಿಲ್ಲ. ಒಪ್ಪದಿರುವುದೇ ದ್ರೋಹವಾದರೆ, ದ್ರೋಹಕ್ಕೆ ಶಿಕ್ಷೆ ಕೊಡುವ ಅಧಿಕಾರ ತನಗಿದೆಯೆಂದು ಒಬ್ಬ ಭಾವಿಸಲು ಹೆಚ್ಚು ದೂರವಿಲ್ಲ. ಹಾಡು ಯಾರ ಮುಖಕ್ಕೂ ಆ್ಯಸಿಡ್ ಎರಚುವುದಿಲ್ಲ ಎಂಬುದು ನಿಜ. ಹಾಡು ಕೇಳಿದವರೆಲ್ಲ ಕೇಡಿಗರಾಗುವುದಿಲ್ಲ ಎಂಬುದೂ ನಿಜ. ಆದರೆ ಕೇಡಿನ ಮನಸ್ಸಿಗೆ ಬೇಕಾದ ನೆಪವನ್ನು, ಚಪ್ಪಾಳೆಯನ್ನು ಅದು ಒದಗಿಸಬಾರದು.

ಹೋಲಿಕೆಗಳ ಕಡೆಗೂ ಸ್ವಲ್ಪ ಕಣ್ಣು ಹಾಯಿಸೋಣ. ಹಳೆಯ ಕವಿಗಳೂ ಹೆಣ್ಣನ್ನು ನಖಶಿಖಾಂತ ವರ್ಣಿಸಿದರು. ಮೊಗ ಚಂದ್ರನಾಯಿತು, ಕಣ್ಣು ತಾವರೆಯಾಯಿತು. ಅದರಲ್ಲೂ ಅವಳನ್ನು ಅಂಗಾಂಗವಾಗಿ ಬಿಡಿಸಿ ನೋಡುವ ದೋಷವಿತ್ತು. ಆದರೆ ಚಂದ್ರನನ್ನು ಯಾರೂ ಕೊಳ್ಳಲಾರರು, ತಿನ್ನಲಾರರು. ಇತ್ತೀಚಿನ ಕುಣಿತದ ಹಾಡುಗಳ ಉಪಮಾನಗಳನ್ನು ಪಟ್ಟಿಮಾಡಿ ನೋಡಿ: ಹಣ್ಣು, ಮಿಠಾಯಿ, ಮದ್ಯ, ಮಾಂಸ, ವಾಹನ. ಎಲ್ಲವೂ ಅಂಗಡಿಯಲ್ಲಿ ಸಿಗುವಂಥವು, ಬಳಸಿ ಮುಗಿಸುವಂಥವು. 2012ರ ಅದೇ ಡಿಸೆಂಬರಿನಲ್ಲಿ ಬಿಡುಗಡೆಯಾದ ಹಿಂದಿಯ ‘ದಬಂಗ್ 2’ ಚಿತ್ರದ ಹಾಡೊಂದರಲ್ಲಿ ಹೆಣ್ಣು ತನ್ನನ್ನು ತಾನೇ ತಂದೂರಿ ಕೋಳಿಗೆ ಹೋಲಿಸಿಕೊಳ್ಳುತ್ತಾಳೆ. ಇಲ್ಲಿ ದನಿಯೂ ಅವಳದೇ, ‘ನಾನು’ ಎಂಬ ಪದವೂ ಇದೆ. ಆದರೂ ಮಾತನಾಡುತ್ತಿರುವುದು ತಿನ್ನುವವನ ಹಸಿವು. ಆದುದರಿಂದ ‘ನಾನು’ ಎಂಬ ಪದವಿದ್ದ ಮಾತ್ರಕ್ಕೆ ಹೆಣ್ಣು ಮಾತನಾಡಿದಂತಾಗಲಿಲ್ಲ.

ನಿಂದಿಸುವ ಹಾಡುಗಳ ಎದುರಿಗೆ ಹೊಗಳುವ ಹಾಡುಗಳನ್ನಿಟ್ಟು ಸಮಾಧಾನಪಡುವವರೂ ಇದ್ದಾರೆ. ತಾಯಿಯನ್ನು, ತಂಗಿಯನ್ನು, ತ್ಯಾಗಮಯಿ ಮಡದಿಯನ್ನು ದೇವರೆಂದು ಕೊಂಡಾಡುವ ಹಾಡುಗಳು ನಮ್ಮಲ್ಲಿ ಧಾರಾಳವಾಗಿವೆ. ಆದರೆ ಪೀಠದ ಮೇಲೆ ಕೂರಿಸಿದ ಮೂರ್ತಿಗೂ ಮಾತಿಲ್ಲ. ದಣಿವಾಗಿದೆ ಎನ್ನುವ ಹಕ್ಕು ದೇವತೆಗಿಲ್ಲ. ಸಿಟ್ಟಾಗುವ ಹಕ್ಕು ತ್ಯಾಗಮಯಿಗಿಲ್ಲ. ಜಿ. ಎಸ್. ಶಿವರುದ್ರಪ್ಪನವರ ‘ಸ್ತ್ರೀ’ ಕವಿತೆ ಈ ಅಪಾಯವನ್ನು ಅರಿತಂತಿದೆ. ಪ್ರಕೃತಿಯಲ್ಲಿಯೂ ಮನೆಯಲ್ಲಿಯೂ ಹೆಣ್ಣು ಪೊರೆಯುವ ಪರಿಯನ್ನು ಹಾಡುತ್ತ ಬಂದ ಕವಿ, ಕೊನೆಯಲ್ಲಿ ಅವಳನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟರೆ ಸಾಕೇ ಎಂದು ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾರೆ. ಆ ಪ್ರಶ್ನೆಯೇ ಗೌರವದ ಆರಂಭ. ‘ನಾಗರಹಾವು’ (1972) ಚಿತ್ರದ ಒನಕೆ ಓಬವ್ವನ ಹಾಡನ್ನೂ ನೆನೆಯಬಹುದು. ಹಾಡುವ ದನಿ ಪಿ. ಬಿ. ಶ್ರೀನಿವಾಸರದಾದರೂ, ಅಲ್ಲಿ ಅವಳು ಹೊಗಳಿಕೆ ಪಡೆಯುವುದು ರೂಪಕ್ಕಾಗಿ ಅಲ್ಲ, ಸಹನೆಗಾಗಿಯೂ ಅಲ್ಲ; ಆಪತ್ತಿನ ಗಳಿಗೆಯಲ್ಲಿ ತಾನೇ ನಿರ್ಧರಿಸಿ ಮಾಡಿದ ಕಾರ್ಯಕ್ಕಾಗಿ.

ಹಾಗಾದರೆ ಪ್ರೇಮಗೀತೆ ಹೇಗಿರಬೇಕು? ನಮ್ಮ ಪವಿತ್ರ ಗ್ರಂಥದಲ್ಲೇ ಒಂದು ಪ್ರೇಮಗೀತೆಯಿದೆ. ಪರಮಗೀತೆಯ ಎಂಟು ಅಧ್ಯಾಯಗಳಲ್ಲಿ ಮೊದಲ ಮಾತೂ ಹೆಣ್ಣಿನದು, ಕಡೆಯ ಮಾತೂ ಹೆಣ್ಣಿನದು. ಅವಳು ಬಿಸಿಲಲ್ಲಿ ದ್ರಾಕ್ಷಿತೋಟ ಕಾದು ಕಪ್ಪಾದವಳು. ತನ್ನ ಬಣ್ಣಕ್ಕೆ ನಾಚದವಳು. ನಲ್ಲ ಅವಳ ಅಂಗಾಂಗಗಳನ್ನು ಬಣ್ಣಿಸುತ್ತಾನೆ, ಅವಳೂ ಅಷ್ಟೇ ಸಲಿಗೆಯಿಂದ ಅವನನ್ನು ಬಣ್ಣಿಸುತ್ತಾಳೆ. ನೋಟ ಒಬ್ಬರ ಸೊತ್ತಲ್ಲ. ಐದನೆಯ ಅಧ್ಯಾಯದಲ್ಲಿ ಅವನು ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಅವಳು ತಡಮಾಡುತ್ತಾಳೆ. ಅವನು ಬಾಗಿಲು ಮುರಿಯುವುದಿಲ್ಲ, ಬಯ್ಯುವುದಿಲ್ಲ, ಹೊರಟುಹೋಗುತ್ತಾನೆ. ಆಮೇಲೆ ಅವನನ್ನು ಅರಸಿ ಊರ ಬೀದಿಗೆ ಇಳಿಯುವುದು ಅವಳ ಸ್ವಂತ ನಿರ್ಧಾರ. ಪ್ರೀತಿಯನ್ನು ಅದರ ಸಮಯಕ್ಕೆ ಮುನ್ನ ಕೆರಳಿಸಬಾರದೆಂಬ ಎಚ್ಚರಿಕೆ ಆ ಗೀತೆಯಲ್ಲಿ ಮೂರು ಬಾರಿ ಬರುತ್ತದೆ. ಆಸೆಯನ್ನು ಮುಚ್ಚಿಡದೆ, ಆದರೆ ಒತ್ತಾಯಕ್ಕೆ ಎಡೆಗೊಡದೆ ಹಾಡಲು ಸಾಧ್ಯವೆಂದು ಅದು ತೋರಿಸಿಕೊಟ್ಟಿದೆ. ಇಂದಿನ ಚಿತ್ರಗೀತೆಗೂ ಅದು ಅಸಾಧ್ಯವೇನಲ್ಲ. 2006ರ ‘ಮುಂಗಾರು ಮಳೆ’ಗೆ ಜಯಂತ ಕಾಯ್ಕಿಣಿಯವರು ಬರೆದ ಹಾಡುಗಳಲ್ಲಿ ಕಾತರವಿದೆ, ದರ್ಪವಿಲ್ಲ. ಜನ ಅವುಗಳನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಕೇಳುಗರಿಗೆ ಕೀಳಾದದ್ದೇ ಬೇಕು ಎಂಬ ನಿರ್ಮಾಪಕರ ಸಬೂಬಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಓದುಗರೇ, ರೇಡಿಯೋ ಆರಿಸಿ, ಮೊಬೈಲ್ ಕಿತ್ತಿಡಿ ಎಂದು ನಾನು ಹೇಳುತ್ತಿಲ್ಲ. ನಿಷೇಧಿಸಿದ ಹಾಡು ಗುಟ್ಟಾಗಿ ಇನ್ನಷ್ಟು ಸವಿಯಾಗುತ್ತದೆ. ಅದಕ್ಕಿಂತ ಮಕ್ಕಳೊಡನೆ ಕುಳಿತು ಒಂದು ಹಾಡನ್ನು ಪೂರ್ತಿಯಾಗಿ ಕೇಳಿರಿ. ತಾಳವನ್ನು ಬಿಟ್ಟು ಮಾತನ್ನು ಮಾತ್ರ ಗಟ್ಟಿಯಾಗಿ ಓದಿಸಿರಿ. ಕುಣಿಸುವ ಎಷ್ಟೋ ಸಾಲುಗಳು ಓದುವಾಗ ನಾಲಗೆಯನ್ನು ತಡೆಯುತ್ತವೆ. ಈ ಮಾತನ್ನು ನಿನ್ನ ಅಕ್ಕನಿಗೆ ಯಾರಾದರೂ ಹೇಳಿದರೆ ಹೇಗಿರುತ್ತದೆ ಎಂದಷ್ಟೇ ಕೇಳಿ ನಿಲ್ಲಿಸಬೇಡಿ. ಅಕ್ಕತಂಗಿಯರಿಲ್ಲದ ಹೆಣ್ಣಿಗೂ ಮಾನವಿದೆ. ಈ ಹಾಡಿನ ಹುಡುಗಿಗೆ ಮಾತು ಬಂದರೆ ಅವಳು ಏನು ಹೇಳಿಯಾಳು ಎಂದು ಕೇಳಿ. ಶಾಲೆಯ ವೇದಿಕೆಯಲ್ಲಿ ಎಂಟು ವರ್ಷದ ಕಂದಮ್ಮ ತನಗೆ ಅರ್ಥವಾಗದ ಮಾತುಗಳಿಗೆ ಸೊಂಟ ಬಳುಕಿಸುವಾಗ ನಾವು ಚಪ್ಪಾಳೆ ತಟ್ಟುತ್ತೇವೆ, ಚಿತ್ರ ತೆಗೆದುಕೊಳ್ಳುತ್ತೇವೆ. ಆ ಹಾಡನ್ನು ಆರಿಸಿದವರು ಮಕ್ಕಳಲ್ಲ, ದೊಡ್ಡವರು ಎಂಬುದನ್ನು ಮರೆಯದಿರೋಣ. ಮುಂದಿನ ಮದುವೆಯ ಮನೆಯಲ್ಲಿ ಧ್ವನಿವರ್ಧಕವನ್ನು ಅರ್ಧ ಗಂಟೆ ನಿಲ್ಲಿಸಿ, ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ಹಾಡಲು ಕರೆಯಿರಿ. ಅವರಿಗೆ ಹಾಡು ಬರುತ್ತದೆ; ಕೇಳುವವರು ಬೇಕಾಗಿದ್ದಾರೆ.