ಹನ್ನೆರಡನೆಯ ಕಾಲಂ

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯನ್ನು ಹೊಗಳಿದವರು ಹೆಚ್ಚಾಗಿ ಅಳೆದದ್ದು ಉತಾರ, ಅಂದರೆ ಪಹಣಿ, ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದನ್ನು. 2 ಕೋಟಿ ದಾಖಲೆ, 67 ಲಕ್ಷ ರೈತರು, ಪ್ರತಿಗೆ 15 ರೂಪಾಯಿ: ಈ ಅಂಕಿಗಳು ವಿಶ್ವಬ್ಯಾಂಕಿನ ಬರಹಗಳಿಂದ ಹಿಡಿದು ನಮ್ಮ ಪಠ್ಯಗಳವರೆಗೆ ತಿರುಗಿವೆ. ತಲಾಠಿಯ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, ವಾರಸಾ ಅರ್ಜಿ ಬಂದ ಸರದಿಯಲ್ಲೇ ಸಾಗಬೇಕಾಯಿತು. ಈ ಲಾಭ ನಿಜವಾದದ್ದೇ. ಈಗ ಅದೇ ಉತ್ಸಾಹ ಗ್ರಾಮ ಒನ್ ಕೇಂದ್ರಗಳಿಗೂ, ದಿನಕ್ಕೊಂದರಂತೆ ಬರುವ ಆ್ಯಪ್‌ಗಳಿಗೂ ಹರಡಿದೆ. ಆದರೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಬೇಗ ಸಿಗುವ ಈ ಕಾಗದ ಯಾರನ್ನು ರೈತ ಎಂದು ಕರೆಯುತ್ತದೆ ಎಂಬ ಪ್ರಶ್ನೆ ಹೊಗಳಿಕೆಯಲ್ಲಿ ಮುಚ್ಚಿಹೋಗಿದೆ.

ಉತಾರವನ್ನು ಒಂದು ಕೃತಿಯಂತೆ ಸಾಲು ಬಿಡದೆ ಓದಬೇಕು. 9ನೆಯ ಕಾಲಂ ಕಬ್ಜೆದಾರರದು. 11ನೆಯದು ಇತರೆ ಹಕ್ಕು ಮತ್ತು ಋಣಗಳದು, ಜನ ‘ಬೋಜಾ’ ಎನ್ನುವುದು ಇಲ್ಲೇ ಕೂರುತ್ತದೆ. 12ನೆಯದು ಸಾಗುವಳಿ ಮತ್ತು ಬೆಳೆಯದು. ಅಲ್ಲಿ ವರ್ಷ, ಹಂಗಾಮು, ಬೆಳೆಗಳ ಜೊತೆಗೆ ಸಾಗುವಳಿ ಮಾಡಿದವರ ಹೆಸರಿಗೂ ಜಾಗವಿದೆ. 9 ಒಡೆತನವನ್ನು ಹೇಳಿದರೆ 12 ದುಡಿಮೆಯನ್ನು ಹೇಳಬೇಕು. ಎರಡನ್ನೂ ಬೇರೆಯಾಗಿಟ್ಟವರಿಗೆ ಉಳುವವನೂ ಒಡೆಯನೂ ಯಾವಾಗಲೂ ಒಬ್ಬನೇ ಆಗಿರುವುದಿಲ್ಲ ಎಂಬ ತಿಳಿವಳಿಕೆ ಇತ್ತು. ಈ ಸೀಮೆಯ ಎರಿಹೊಲಗಳಲ್ಲಿ ಅವರು ಒಬ್ಬರಲ್ಲದ ಉದಾಹರಣೆ ಊರೂರಿಗೂ ಸಿಗುತ್ತದೆ. ಯುಗಾದಿ ಹೊತ್ತಿಗೆ ಲಾವಣಿಯ, ಅಂದರೆ ಹೊಲದ ಗುತ್ತಿಗೆಯ, ಮಾತಾಗುತ್ತದೆ, ರೊಕ್ಕ ಮೊದಲೇ ಎಣಿಸಬೇಕು. ರೊಕ್ಕವಿಲ್ಲದವರು ಕೋರಿಗೆ ಮಾಡುತ್ತಾರೆ, ಫಸಲು ಬಂದ ಮೇಲೆ ಪಾಲು ಕೊಡುತ್ತಾರೆ. ಹತ್ತಿ, ಹೆಸರು, ಕಡಲೆ ಬಿತ್ತಿದವರು ಇವರು. ಇವರ ಹೆಸರು 12ರಲ್ಲಿ ಇರುವುದಿಲ್ಲ.

ಇದಕ್ಕೆ ಕಂಪ್ಯೂಟರ್ ಕಾರಣವಲ್ಲ. 1974ರಲ್ಲಿ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಲಾವಣಿ, ಕೋರಿಯಂಥ ಗೇಣಿಯನ್ನೇ ನಿಷೇಧಿಸಿತು, ಸೈನಿಕರು ಮತ್ತು ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ ಕೊಟ್ಟಿತು. ಒಡೆತನ ಕೋರಿ 7ನೆಯ ನಮೂನೆ ತುಂಬಿದ ಗೇಣಿದಾರರಿಗೆ ಭೂನ್ಯಾಯಮಂಡಳಿಯ ಮುಂದೆ ಬಲವಾದ ಸಾಕ್ಷಿಯಾದದ್ದು ಇದೇ ಪಹಣಿಯ ನಮೂದು. ತಪ್ಪೆಂದು ಸಾಬೀತಾಗುವತನಕ ಅದನ್ನು ನಿಜವೆಂದೇ ಹಿಡಿಯಬೇಕೆನ್ನುತ್ತದೆ ಭೂಕಂದಾಯ ಕಾಯ್ದೆಯ 133ನೆಯ ಕಲಂ. ಅಂದು ಸಾವಿರಾರು ಕುಟುಂಬಗಳನ್ನು ಒಡೆಯರನ್ನಾಗಿಸಿದ ಆ 12ನೆಯ ಕಾಲಂ ಅಂದಿನಿಂದಲೇ ಹೊಲದವರಿಗೆ ಅಂಜಿಕೆಯ ಜಾಗವಾಯಿತು. ಎರಡನೆಯವರ ಹೆಸರು ಅಲ್ಲಿ ಬಾರದಂತೆ ಅವರು ಕಾಯ್ದುಕೊಂಡರು. ಆ ಮೌನವನ್ನು ‘ಭೂಮಿ’ ಇದ್ದದ್ದು ಇದ್ದಂತೆಯೇ ನಕಲು ಮಾಡಿ, ಮುದ್ರೆ ಒತ್ತಿ, ರಾಜ್ಯದ ತುಂಬ ಹಂಚಿತು.

ಕಾಗದ ತಲಾಠಿಯ ದಫ್ತರದಲ್ಲಿದ್ದಾಗ ಈ ಮೌನದಿಂದ ಆಗುತ್ತಿದ್ದ ಹಾನಿಗೆ ಒಂದು ಮಿತಿ ಇತ್ತು. ಈಗ ಇಲ್ಲ. ಬೆಂಬಲ ಬೆಲೆಗೆ ಕಡಲೆ ಮಾರಲು ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಬೇಕು, ಎಫ್‌ಐಡಿಗೆ ಉತಾರ ಬೇಕು. ಪಿಎಂ ಕಿಸಾನ್ ಹಣ 2019ರ ಫೆಬ್ರುವರಿ 1ಕ್ಕೆ ದಾಖಲೆಯಲ್ಲಿದ್ದ ಭೂಹಿಡುವಳಿದಾರರಿಗಷ್ಟೇ. ಫಸಲ್ ಬಿಮಾ ನಿಯಮಗಳು ಗೇಣಿದಾರರನ್ನೂ ಪಾಲಿಗೆ ಮಾಡುವವರನ್ನೂ ಒಪ್ಪುತ್ತವೆ, ಆದರೆ ಕರಾರುಪತ್ರ ಕೇಳುತ್ತವೆ. ಗೇಣಿಯೇ ನಿಷಿದ್ಧವಾದಲ್ಲಿ ಕರಾರು ಬರೆದುಕೊಡುವವರು ಯಾರು? 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗ ತಾಲ್ಲೂಕಿನ ಹೊಲಗಳಿಗೆ ನುಗ್ಗಿದಾಗ ಕೊಚ್ಚಿಹೋದದ್ದು ಬಿತ್ತಿದವರ ಬೀಜ, ಗೊಬ್ಬರ, ಬೆವರು. ಪರಿಹಾರ ತಂತ್ರಾಂಶ ಹಣ ಹಾಕುವುದು ಮಾತ್ರ ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಪ್ರತಿ ಹೊಸ ಸೇವೆಯೂ 9ನೆಯ ಕಾಲಂನ ತೂಕ ಹೆಚ್ಚಿಸುತ್ತಿದೆ.

ಇಲ್ಲಿ ‘ಭೂಮಿ’ಯ ಟೀಕಾಕಾರರ ಮೇಲೂ ನನಗೆ ತಕರಾರಿದೆ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದ ಅಧ್ಯಯನ, ಈ ಯೋಜನೆ ಲಂಚವನ್ನು ಹೆಚ್ಚಿಸಿತು, ದೊಡ್ಡ ಕುಳಗಳು ಭೂಮಿ ಕಬಳಿಸಲು ದಾರಿ ಮಾಡಿಕೊಟ್ಟಿತು ಎಂದಿತು. ಧೈರ್ಯದ ಮಾತು, ಬೇಕಾಗಿದ್ದ ಮಾತು. ಆದರೆ ಅದರ ಕಣ್ಣು ಬೆಂಗಳೂರಿನ ಅಂಚಿನ ಮೇಲೆ, ಜಮೀನು ಸೈಟಾಗುವ ಕಡೆ. ಆಮೇಲೆ ವಾದವೆಲ್ಲ ಅದೇ ಜಾಡಿನಲ್ಲಿ ಓಡಿತು: ಒಂದು ಕಡೆ ಪಾರದರ್ಶಕತೆ, ಇನ್ನೊಂದು ಕಡೆ ಜಾಗತೀಕರಣ. ಎರಡೂ ಕಡೆಯವರಿಗೆ ಭೂಮಿ ಎಂದರೆ ಕೊಳ್ಳುವ, ಮಾರುವ ವಸ್ತು. ಸವದತ್ತಿಯ ಹೊಲ ಮಾರಾಟವಾಗುತ್ತಿಲ್ಲ, ಲಾವಣಿಗೆ ಹೋಗುತ್ತಿದೆ. ‘ಭೂಮಿ’ಯನ್ನು ಹೊಗಳಿದವರು ಆ ಹೊಲ ಮಾಡುವವರನ್ನು ನೋಡಲಿಲ್ಲವೆಂದು ನನಗೆ ಆಶ್ಚರ್ಯವಿಲ್ಲ. ಬಡವರ ಪರ ನಿಂತವರೂ ನೋಡಲಿಲ್ಲವೆಂಬುದು ನೋವಿನ ವಿಷಯ. ‘ಅದು ಕಾನೂನಿನ ಸಮಸ್ಯೆ, ತಂತ್ರಾಂಶದ್ದಲ್ಲ’ ಎಂದು ಹೇಳುವವರಿದ್ದಾರೆ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಎಲ್ಲ ಯೋಜನೆಗಳ ಹಣವನ್ನು ಒಂದೇ ಕಾಲಂಗೆ ಕಟ್ಟಿಹಾಕಿದ್ದು ಆಡಳಿತದ ಆಯ್ಕೆ.

ಬೇರೆ ಆಯ್ಕೆಯೂ ಇದೆ. ಆಂಧ್ರಪ್ರದೇಶ 2011ರಲ್ಲಿ ಸಾಗುವಳಿದಾರರಿಗೆ ಪರವಾನಗಿ ಕೊಡುವ ಕಾಯ್ದೆ ತಂದಿತು. 2019ರಲ್ಲಿ ಅದನ್ನು ಬದಲಿಸಿ, ಒಡೆತನಕ್ಕೆ ಧಕ್ಕೆಯಾಗದ 11 ತಿಂಗಳ ಸಾಗುವಳಿ ಪತ್ರದ ವ್ಯವಸ್ಥೆ ಮಾಡಿತು. ಹೊಲದವರ ಸಹಿ ಬೇಕೆಂಬುದು ಅದರ ದೌರ್ಬಲ್ಯ, ಆದರೂ ಒಡೆತನವನ್ನೂ ಸಾಗುವಳಿಯನ್ನೂ ಬೇರೆ ಮಾಡಿ ಬರೆಯಲು ಬರುತ್ತದೆಂದು ಅದು ತೋರಿಸಿದೆ. ನಮ್ಮಲ್ಲಿ 2020ರ ಮುಂಗಾರಿನಿಂದ ರೈತರೇ ಬಳಸುವ ಬೆಳೆ ಸಮೀಕ್ಷೆ ಆ್ಯಪ್ ಇದೆ. ಹೊಲದಲ್ಲೇ ನಿಂತು ಸರ್ವೆ ನಂಬರಿನ ಮೇಲೆ ಬೆಳೆಯ ಫೋಟೊ ಏರಿಸಬೇಕು. ಅದೇ ಪರದೆಯಲ್ಲಿ ‘ಬಿತ್ತಿದವರು ಯಾರು’ ಎಂಬ ಪ್ರಶ್ನೆಯನ್ನೂ ಕೇಳಿ, ಉತ್ತರವನ್ನು ಒಂದು ಹಂಗಾಮಿಗೆ ಮಾತ್ರ, ವಿಮೆ ಮತ್ತು ಪರಿಹಾರಕ್ಕೆ ಮಾತ್ರ, ಭೂನ್ಯಾಯಮಂಡಳಿಯ ಮುಂದೆ ಸಾಕ್ಷಿಯಾಗದಂತೆ ಬರೆದುಕೊಳ್ಳಬೇಕು. ಅದಕ್ಕೆ ವಿಧಾನಮಂಡಲ ಕಾಯ್ದೆ ತಿದ್ದಬೇಕು, ಕಂದಾಯ ಮತ್ತು ಕೃಷಿ ಇಲಾಖೆಗಳು ಜೊತೆಯಾಗಿ ಕೂರಬೇಕು. ಮುಂದಿನ ಆ್ಯಪ್ ಬಿಡುಗಡೆಗೆ ಮೊದಲು ಆಗಬೇಕಾದ ಕೆಲಸ ಇದು.